‘ಬಿಸಿಲಲ್ಲಿ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತೆ’: ಬಳ್ಳಾರಿ ಗುಡ್ಡ ಹತ್ತುವ ಮುನ್ನ ಈ ಫಾರ್ವರ್ಡ್‌ಗಳ ಸತ್ಯ ತಿಳಿಯಿರಿ

ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಸಂದೇಶ ತಪ್ಪದೇ ಬರುತ್ತದೆ. ಬಿಸಿಲಿನಿಂದ ಬಂದವರು ತಣ್ಣೀರು ಕುಡಿಯಬಾರದು, ಮುಖ, ಕೈಕಾಲಿಗೆ ತಣ್ಣೀರು ಹಾಕಿಕೊಳ್ಳಬಾರದು, ಹಾಕಿಕೊಂಡರೆ ಸಣ್ಣ ರಕ್ತನಾಳಗಳು ಒಡೆದು ಸಾವೇ ಬರಬಹುದು ಎಂಬುದು ಅದರ ಸಾರ. ಯಾರೋ ವೈದ್ಯರ ಹೆಸರು, ಕೊನೆಗೆ ‘ನಿಮ್ಮವರಿಗೆಲ್ಲ ಕಳಿಸಿ’ ಎಂಬ ಕೋರಿಕೆ. ಅದರ ಹಿಂದೆಯೇ ಇನ್ನೊಂದು: ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲ. ಗುಡ್ಡ ಹತ್ತುವವರಿಗಾಗಿ ಮತ್ತೊಂದು: ಎತ್ತರದಲ್ಲಿ ಆಮ್ಲಜನಕ ಕಡಿಮೆ, ಕರ್ಪೂರದ ಗಂಟು ಮೂಸುತ್ತಾ ಹೋಗಿ.

ಬಳ್ಳಾರಿ ಕಡೆಯವರಿಗೆ ಇವು ಬರೀ ಟೈಮ್‌ಪಾಸ್ ಸಂದೇಶಗಳಲ್ಲ. ನಗರದ ನಡುವೆಯೇ ಕೋಟೆ ಗುಡ್ಡವಿದೆ. ಸುಮಾರು 30 ಕಿ.ಮೀ. ದೂರದ ಕುರುಗೋಡಿನಲ್ಲಿ ಊರಿಗೆ ಆತುಕೊಂಡಂತೆ ಬಂಡೆಗುಡ್ಡಗಳಿವೆ. ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆ ಸಿಗುತ್ತದೆ. ರಜೆ ಬಂದರೆ, ಊರಿಗೆ ನೆಂಟರು ಬಂದರೆ, ‘ಒಂದು ರೌಂಡ್ ಗುಡ್ಡ ಹತ್ತಿ ಬರೋಣ’ ಎಂದು ಹೊರಡುವವರು ಬಹಳ. ದಿನದೊಳಗೆ ಹತ್ತಿ ಇಳಿಯಬಹುದಾದ, ತೀರಾ ಸುಲಭವೂ ಅಲ್ಲದ ತೀರಾ ಕಷ್ಟವೂ ಅಲ್ಲದ ಗುಡ್ಡಗಳಿವು. ಇಲ್ಲಿ ಜೀವಕ್ಕೆ ಕುತ್ತು ತರುವುದು ಎತ್ತರಕ್ಕಿಂತ ಹೆಚ್ಚಾಗಿ ಬಿಸಿಲು ಮತ್ತು ಹೊತ್ತು. ಹಾಗಿರುವಾಗ ನೀರು ಮುಟ್ಟಬೇಡಿ ಎನ್ನುವ ಸಂದೇಶವೇ ನಮ್ಮ ಪ್ರಕಾರ ಈ ಮೂರರಲ್ಲಿ ಅತ್ಯಂತ ಅಪಾಯಕಾರಿ.

ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಇಲ್ಲ. ತಣ್ಣೀರು ತಾಗಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಸ್ವಲ್ಪ ಸಂಕುಚಿತಗೊಳ್ಳುತ್ತವೆ, ಅಷ್ಟೇ. ಸಂಕುಚಿತವಾಗುವುದು ಬೇರೆ, ಒಡೆಯುವುದು ಬೇರೆ. ಕುಡಿದ ನೀರು ಹೊಟ್ಟೆ ಸೇರುವಷ್ಟರಲ್ಲೇ ಬಿಸಿಯಾಗತೊಡಗುತ್ತದೆ, ಹಾಗೆ ಬಿಸಿಯಾಗಲು ಬೇಕಾದ ಶಾಖವನ್ನು ನಿಮ್ಮ ದೇಹದಿಂದಲೇ ತೆಗೆದುಕೊಳ್ಳುತ್ತದೆ. ಬಿಸಿಲಲ್ಲಿ ಬೆವರಿ ಬಂದವರಿಗೆ ಬೇಕಾಗಿರುವುದೂ ಅದೇ. ಐಸ್‌ನಂಥ ನೀರನ್ನು ಗಟಗಟ ಕುಡಿದರೆ ಕೆಲವರಿಗೆ ಹಣೆ ಹಿಂಡಿದಂತಾಗುತ್ತದೆ, ಹೊಟ್ಟೆ ಹಿಡಿಯಬಹುದು. ಗುಟುಕು ಗುಟುಕಾಗಿ ಕುಡಿದರೆ ಅದೂ ಇಲ್ಲ.

ಈ ಸುಳ್ಳು ಏಕೆ ಅಪಾಯಕಾರಿ? ಗುಡ್ಡದ ಮೇಲೆ ಒಬ್ಬರಿಗೆ ಬಿಸಿಲು ಬಡಿಯಿತು ಎಂದಿಟ್ಟುಕೊಳ್ಳಿ. ಮಾತು ತೊದಲುತ್ತಿದೆ, ಎಲ್ಲಿದ್ದೇನೆಂದು ಗೊತ್ತಾಗುತ್ತಿಲ್ಲ, ಸುಮ್ಮನೆ ಸಿಟ್ಟು ಮಾಡುತ್ತಿದ್ದಾರೆ, ನಡೆದರೆ ತೂರಾಡುತ್ತಾರೆ. ದೇಹದ ಒಳಗಿನ ತಾಪ 40 ಡಿಗ್ರಿ ದಾಟಿ ಮಿದುಳಿಗೆ ತೊಂದರೆಯಾಗುತ್ತಿರುವ ಲಕ್ಷಣಗಳಿವು. ವೈದ್ಯರು ಇದನ್ನು ಹೀಟ್‌ಸ್ಟ್ರೋಕ್ ಎನ್ನುತ್ತಾರೆ. ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು. ತಡವಾದಷ್ಟೂ ಮಿದುಳು, ಕಿಡ್ನಿ, ಲಿವರ್‌ಗೆ ಹಾನಿ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಫಾರ್ವರ್ಡ್ ನೆನಪಿಸಿಕೊಂಡು ‘ಬೇಡ, ತಣ್ಣೀರು ಹಾಕಬೇಡ’ ಎಂದು ಕೈ ಹಿಡಿದರೆ?

ಮಾಡಬೇಕಾದ್ದು ಇಷ್ಟು. ನೆರಳಿಗೆ ಎಳೆದುಕೊಳ್ಳಿ. ಬಂಡೆ ಬಿಸಿ ಇದ್ದರೆ ಕೆಳಗೆ ಬಟ್ಟೆಯನ್ನೋ ಬ್ಯಾಗನ್ನೋ ಹಾಸಿ. ಶೂ, ಅಂಗಿ ಬಿಚ್ಚಿ. ಇರುವ ನೀರನ್ನೆಲ್ಲ ತಲೆ, ಕುತ್ತಿಗೆ, ಎದೆ, ಕಂಕುಳಿಗೆ ಸುರಿದು ಟವೆಲ್‌ನಿಂದ ಬಿಡದೆ ಗಾಳಿ ಹಾಕಿ. ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದ ಮಾತ್ರೆಯೂ ಬೇಡ. ಜ್ವರದಲ್ಲಿ ಮಿದುಳೇ ದೇಹದ ತಾಪವನ್ನು ಏರಿಸಿರುತ್ತದೆ, ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಬಿಸಿಲಿನ ಹೊಡೆತದಲ್ಲಿ ಶಾಖ ಹೊರಗೆ ಹೋಗಲಾರದೆ ಒಳಗೇ ತುಂಬಿಕೊಂಡಿರುತ್ತದೆ, ಅಲ್ಲಿ ಮಾತ್ರೆಯಿಂದ ಪ್ರಯೋಜನವಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ‘ಬೆವರು ಬರ್ತಿದೆ, ಹಂಗಾದ್ರೆ ಏನೂ ಆಗಿಲ್ಲ’ ಎಂಬುದು. ಸುಮ್ಮನೆ ಮಲಗಿದ್ದ ವಯಸ್ಸಾದವರಲ್ಲಿ ಹೀಟ್‌ಸ್ಟ್ರೋಕ್ ಆದಾಗ ಚರ್ಮ ಒಣಗಿರುವುದು ಸಾಮಾನ್ಯ. ಗುಡ್ಡ ಹತ್ತುತ್ತಾ, ಓಡುತ್ತಾ ಆದಾಗ ಮೈಯೆಲ್ಲ ಬೆವರಿನಿಂದ ತೊಯ್ದಿರಬಹುದು. ಹಾಗಾಗಿ ಬೆವರಿಗಿಂತ ಮಾತು ಮತ್ತು ನಡಿಗೆಯ ಮೇಲೆ ಗಮನವಿರಲಿ. ‘ಇವತ್ತು ಯಾವ ವಾರ? ನಾವು ಎಲ್ಲಿದ್ದೇವೆ?’ ಎಂದು ಕೇಳಿದರೆ ತಿಳಿಯುತ್ತದೆ.

ಹಾಗಾದರೆ ಜೇಬಿನ ಉಳ್ಳಾಗಡ್ಡಿ?

ನಮ್ಮ ಕಡೆ ಇದು ಫಾರ್ವರ್ಡ್‌ಗಿಂತ ಹಳೆಯದು. ಅಜ್ಜಿಯಂದಿರು ಸೊಂಟಕ್ಕೆ ಸಿಕ್ಕಿಸಿ ಕಳಿಸುತ್ತಿದ್ದ ಉಳ್ಳಾಗಡ್ಡಿಯ ಬಗ್ಗೆ ನಮಗೆ ಅಗೌರವವಿಲ್ಲ. ಆದರೆ ಜೇಬಿನಲ್ಲಿರುವ ಈರುಳ್ಳಿ ದೇಹದ ಶಾಖ ಹೀರಲಾರದು. ದೇಹ ತಂಪಾಗುವುದು ಮುಖ್ಯವಾಗಿ ಬೆವರು ಆರಿದಾಗ. ಒಂದು ಗ್ರಾಂ ಬೆವರು ಆವಿಯಾಗಲು 580 ಕ್ಯಾಲರಿಯಷ್ಟು ಶಾಖ ಬೇಕು, ಅದು ಚರ್ಮದಿಂದ ಹೋಗುತ್ತದೆ. ಬೆವರಿಗೆ ಬೇಕಾದ ನೀರು ಒಳಗಿದ್ದರೆ ಈ ಕೆಲಸ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಈರುಳ್ಳಿ ಇಟ್ಟುಕೊಂಡರೆ ನಷ್ಟವಿಲ್ಲ, ಅದನ್ನು ನಂಬಿ ನೀರಿನ ಬಾಟಲಿ ಒಂದು ಕಡಿಮೆ ಮಾಡಿದರೆ ನಷ್ಟ. ಮಧ್ಯಾಹ್ನ ರೊಟ್ಟಿ ಜೊತೆ ತಿನ್ನಲಂತೂ ಆದೀತು.

ಬಳ್ಳಾರಿಯ ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಬರುತ್ತಿದ್ದಂತೆ ಆರಿಹೋಗುತ್ತದೆ. ಕರಾವಳಿಯಲ್ಲಿ ಅಂಗಿ ಅಂಟಿಕೊಂಡಾಗ ನೀರು ಕುಡಿಯಬೇಕು ಎನಿಸುತ್ತದೆ. ಇಲ್ಲಿ ಅಂಗಿ ಒಣಗಿಯೇ ಇರುತ್ತದೆ, ಮೇಲೆ ಬಿಳಿಯ ಉಪ್ಪಿನ ಗೆರೆ ಮಾತ್ರ ಕಾಣುತ್ತದೆ. ಬಿಸಿಲಲ್ಲಿ ಏರುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುವುದು ಸಹಜ.

ಹಾಗಾಗಿ ಮೂರು ಗಂಟೆಯ ಹೋಗಿ-ಬರುವ ಪಯಣಕ್ಕೆ ತಲಾ ಮೂರು ಲೀಟರ್ ಹೊರಿ ಎನ್ನುತ್ತೇವೆ: ಕುಡಿಯಲು ಎರಡು, ಅಗತ್ಯ ಬಿದ್ದರೆ ಮೈಗೆ ಸುರಿಯಲು ಒಂದು. ಭಾರ ಅನಿಸುತ್ತದೆ, ನಿಜ. ಬಳ್ಳಾರಿ ಮೇಲುಕೋಟೆಯಲ್ಲಿ ಬಂಡೆಯ ಸೀಳುಗಳಲ್ಲಿ ಹಳೆಯ ನೀರಿನ ತೊಟ್ಟಿಗಳಿವೆ, ಅವುಗಳನ್ನು ನಂಬಬೇಡಿ. ನಿಂತ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಕುಡಿಯಲು ಯೋಗ್ಯವಲ್ಲ. ಮೈ ಮೇಲೆ ಸುರಿಯಲು ಬೇಕಾದರೆ ಬಳಸಬಹುದು.

ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಸರಿಯಲ್ಲ, ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ ಬರಬಹುದು. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಹುರಿದ ಶೇಂಗಾ, ಅಥವಾ ಓಆರ್‌ಎಸ್ ಇರಲಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದಕ್ಕಿಂತ ಉಪ್ಪು ಹೆಚ್ಚಿಸಬೇಡಿ. ಅಂಗಡಿಯಲ್ಲಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಪ್ಯಾಕೆಟ್ ಮೇಲೆ ನೋಡಿ. ಸಕ್ಕರೆ ತುಂಬಿದ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ.

‘ನಾವು ದಿನಾ ಬಿಸಿಲಲ್ಲೇ ಇರೋರು, ನಮಗೇನಾಗುತ್ತೆ?’

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದಿನವೂ ಬಿಸಿಲಲ್ಲಿ ಮೈ ಬಗ್ಗಿಸುವವರ ದೇಹ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹಿಡಿತದಲ್ಲಿರುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕೆಲಸ ಮಾಡುವವರಿಗೂ ಬಳ್ಳಾರಿಯಲ್ಲಿ ಎ.ಸಿ. ಆಫೀಸಿನಲ್ಲಿ ಕೂತವರಿಗೂ ಅದೇ 38 ಡಿಗ್ರಿ ಒಂದೇ ರೀತಿ ತಾಗುವುದಿಲ್ಲ.

ಆದರೆ ಈ ಹೊಂದಾಣಿಕೆ ಶಾಶ್ವತವಲ್ಲ. ಎರಡು ಮೂರು ವಾರ ಬಿಸಿಲು ಬಿಟ್ಟರೆ ಬಹುಪಾಲು ಹೊರಟುಹೋಗುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ ಯುಗಾದಿಗೆ ಊರಿಗೆ ಬಂದ ಮಾರನೆಯ ದಿನವೇ ತಮ್ಮಂದಿರ ಜೊತೆ ಗುಡ್ಡ ಹತ್ತಲು ಹೊರಟರೆ, ಗುಂಪಿನಲ್ಲಿ ಹೆಚ್ಚು ಅಪಾಯ ಇರುವುದು ಅವನಿಗೇ. ‘ನಾನು ಬಳ್ಳಾರಿಯವನು’ ಎಂಬುದು ಅವನ ಬೆವರು ಗ್ರಂಥಿಗಳಿಗೆ ಗೊತ್ತಿಲ್ಲ. ಜಿಮ್ಮಿಗೆ ಹೋಗುವ ಗಟ್ಟಿಮುಟ್ಟಾದ ಯುವಕರೇ ಇಂಥ ಕಡೆ ಕುಸಿಯುವುದುಂಟು, ಸುಸ್ತಾದರೂ ನಿಲ್ಲದೆ ಮುಂದೆ ಹೋಗುತ್ತಾರೆ.

ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅಲರ್ಜಿ ಮಾತ್ರೆ, ಕೆಲವು ಮಾನಸಿಕ ಆರೋಗ್ಯದ ಔಷಧಿಗಳು ದೇಹ ತಂಪಾಗುವುದಕ್ಕೆ ಅಡ್ಡಿಯಾಗುತ್ತವೆ. ಅವನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಹೊರಡಿ. ತಾವಾಗಿಯೇ ಮಾತ್ರೆ ಬಿಡಬೇಡಿ.

ಮೊಬೈಲ್‌ನಲ್ಲಿ 39 ಡಿಗ್ರಿ ಇದೆ, ಬಂಡೆಯ ಮೇಲೆ ಎಷ್ಟು?

ಹವಾಮಾನ ಇಲಾಖೆ ತಾಪಮಾನ ಅಳೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. ಅದು ಗಾಳಿಯ ತಾಪ. ನೇರ ಬಿಸಿಲು ಬೀಳುವ ಗ್ರಾನೈಟ್ ಬಂಡೆಯ ಮೈ ಬೇಸಿಗೆಯಲ್ಲಿ 50 ಡಿಗ್ರಿ ದಾಟುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಬಂಡೆ, ಎರಡೂ ಕಡೆಯಿಂದ ಕಾವು.

ಗ್ರಾನೈಟ್ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸಂಜೆ ಐದಕ್ಕೆ ಗಾಳಿ ತುಸು ತಂಪಾದರೂ ಬಂಡೆ ಹಗಲಿನ ಕಾವನ್ನು ಹೊರಹಾಕುತ್ತಲೇ ಇರುತ್ತದೆ. ಬೆಳಗಿನ ಜಾವಕ್ಕೆ ಅದೇ ಬಂಡೆ ತಣ್ಣಗಿರುತ್ತದೆ. ‘ಸಂಜೆ ಹೋದರೂ ಒಂದೇ’ ಎನ್ನುವವರಿಗೆ ಇದೇ ಉತ್ತರ. ಸಂಜೆ ಹೊರಟರೆ ಇಳಿಯುವಷ್ಟರಲ್ಲಿ ಕತ್ತಲಾಗುವ ತೊಂದರೆ ಬೇರೆ.

ಕರ್ಪೂರ ಬೇಕೇ? ಆಮ್ಲಜನಕ ಅಷ್ಟು ಕಡಿಮೆಯೇ?

ಬೇಡ, ಕಡಿಮೆಯೂ ಇಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಸಮುದ್ರಮಟ್ಟದಿಂದ 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಬಳ್ಳಾರಿ ಕೋಟೆ ಗುಡ್ಡ ಸುತ್ತಲಿನ ಬಯಲಿನಿಂದ ಏರುವುದು ಸುಮಾರು 450 ಅಡಿ, ಎಂದರೆ 140 ಮೀಟರ್‌ನಷ್ಟು. ಅಷ್ಟು ಏರಿದರೆ ಗಾಳಿಯ ಒತ್ತಡ ನೂರಕ್ಕೆ ಒಂದೂವರೆ-ಎರಡು ಪಾಲು ಇಳಿದೀತು. ನಿಮಗೆ ಏದುಸಿರು ಬರುವುದು ಮೈಭಾರ ಮೇಲೆತ್ತುವ ಕೆಲಸದಿಂದ. ಅದಕ್ಕೆ ಔಷಧಿ ನಿಧಾನವಾಗಿ ನಡೆಯುವುದು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನವಾಗಿ ಹತ್ತಿ. ಕರ್ಪೂರ ರಕ್ತದ ಆಮ್ಲಜನಕ ಹೆಚ್ಚಿಸುವುದಿಲ್ಲ, ನುಂಗಿದರೆ ವಿಷ, ಮಕ್ಕಳಿಗಂತೂ ಫಿಟ್ಸ್ ಬರಬಹುದು. ಆದರೆ ಎದೆಯಲ್ಲಿ ಹಿಡಿದಂತೆ ನೋವು, ನೋವು ಎಡಗೈಗೆ ಅಥವಾ ದವಡೆಗೆ ಹರಿಯುವುದು, ತಣ್ಣನೆಯ ಬೆವರು ಇದ್ದರೆ ಅದನ್ನು ‘ಗ್ಯಾಸ್’ ಎಂದುಕೊಂಡು ಮುಂದೆ ಹೋಗಬೇಡಿ.

ಜೊತೆಗೆ ಬರುವ ಮತ್ತೊಂದು ಸಂದೇಶ, ಬಳ್ಳಾರಿ ಗುಡ್ಡ ‘ಜಗತ್ತಿನ ಎರಡನೇ ಅತಿ ದೊಡ್ಡ ಏಕಶಿಲಾ ಬೆಟ್ಟ’. ಮಧುಗಿರಿ ಮತ್ತು ಸಾವನದುರ್ಗಕ್ಕೂ ಇದೇ ರೀತಿಯ ಬಿರುದುಗಳು ಅಂಟಿಕೊಂಡಿವೆ. ಒಂದು ಬಂಡೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಅಳೆಯುವ ಒಪ್ಪಿತ ಪಟ್ಟಿಯೇ ಇಲ್ಲದಾಗ ಎರಡನೇ ಸ್ಥಾನಕ್ಕೆ ಅರ್ಥವಿಲ್ಲ. ಹೇಳಿಕೊಳ್ಳಲು ಬಳ್ಳಾರಿಗೆ ಬೇಕಾದಷ್ಟಿದೆ. ಈ ಭಾಗದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನಗರದ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ನೆಲೆಯಿದೆ, ಹೊಡೆದರೆ ನಾದ ಬರುವ ಬಂಡೆಗಳಿವೆ. ಅಲ್ಲಿಗೆ ಹೋದರೆ ದಯವಿಟ್ಟು ಹೆಸರು ಕೆತ್ತಬೇಡಿ, ಸಾವಿರಾರು ವರ್ಷದ ಕೆತ್ತನೆಗಳ ಮೇಲೆ ನಿಮ್ಮ ಬಣ್ಣದ ಡಬ್ಬಿ ಬೇಡ.

ಯಾವಾಗ ಹೊರಡಬೇಕು, ಯಾವಾಗ ಹಿಂತಿರುಗಬೇಕು?

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಆಸುಪಾಸು. ಏಳಕ್ಕೆ ಹತ್ತಲು ಶುರುಮಾಡಿ ಹನ್ನೊಂದರೊಳಗೆ ಕೆಳಗಿರಿ. ಮಾರ್ಚ್‌ನಲ್ಲಿ ಬೆಳಕು ಹರಿದ ತಕ್ಷಣ ಹೊರಟು ಒಂಬತ್ತಕ್ಕೆ ಮುಗಿಸಿ. ಏಪ್ರಿಲ್-ಮೇ ತಿಂಗಳಲ್ಲಿ ಗುಡ್ಡ ಹತ್ತುವ ಯೋಜನೆಯನ್ನೇ ಕೈಬಿಡಿ ಎಂಬುದು ನಮ್ಮ ಸಲಹೆ. ರಜೆ ಆಗಲೇ ಇರುವುದು ಬೇಸರದ ಸಂಗತಿ, ನಿಜ.

ಕತ್ತಲಲ್ಲೇ ಯಾಕೆ ಹೊರಡಬಾರದು ಎಂದು ಕೇಳಬಹುದು. ಈ ಭಾಗದ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಿ ಕರಡಿ, ಚಿರತೆ ಇವೆ. ಕರಡಿಗಳಿಗಾಗಿಯೇ 1994ರಲ್ಲಿ ದರೋಜಿಯಲ್ಲಿ ಧಾಮ ಮಾಡಿದ್ದಾರೆ, ಕರಡಿಗಳಿಗೆ ಅದರ ಗಡಿ ಗೊತ್ತಿಲ್ಲ. ಮುಂಜಾವು ಮತ್ತು ಮುಸ್ಸಂಜೆ ಅವು ಓಡಾಡುವ ಹೊತ್ತು. ಕರಡಿ ಹೆಚ್ಚಾಗಿ ಮೈಮೇಲೆ ಬೀಳುವುದು ಹಠಾತ್ತನೆ ಎದುರಾದಾಗ. ಹಾಗಾಗಿ ಬೆಳಕಿನಲ್ಲಿ, ಗುಂಪಿನಲ್ಲಿ, ಮಾತಾಡಿಕೊಂಡು ನಡೆಯಿರಿ. ಕಿವಿಗೆ ಇಯರ್‌ಫೋನ್ ಬೇಡ.

ಸಮಯ ಲೆಕ್ಕ ಹಾಕಲು ಗುಡ್ಡ ಹತ್ತುವವರ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಹೇಳಿದ್ದು: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಒಂದು ಕಿ.ಮೀ. ನಡಿಗೆ, 140 ಮೀಟರ್ ಏರು ಎಂದರೆ 26 ನಿಮಿಷ. ಆದರೆ ಅದು ತಂಪು ದೇಶದ ಗಟ್ಟಿ ನಡಿಗೆಯವರ ಲೆಕ್ಕ. ಮಕ್ಕಳು, ಹಿರಿಯರು, ಫೋಟೊ, ವಿಶ್ರಾಂತಿ ಎಲ್ಲ ಸೇರಿ ಎರಡರಷ್ಟಕ್ಕಿಂತ ಹೆಚ್ಚೇ ಹಿಡಿಯಿರಿ. ಹೊರಡುವ ಮೊದಲೇ ‘ಎಷ್ಟು ಗಂಟೆಗೆ, ಎಲ್ಲಿದ್ದರೂ ವಾಪಸ್’ ಎಂದು ಎಲ್ಲರೂ ಒಪ್ಪಿಕೊಳ್ಳಿ. ತುದಿ ಕಾಣುತ್ತಿರುವಾಗ ‘ಇನ್ನು ಹತ್ತೇ ನಿಮಿಷ’ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅವರಿಗಾಗಿಯೇ ಈ ನಿಯಮ.

ಬಳ್ಳಾರಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಬಾಗಿಲು ಯಾವಾಗ ತೆರೆಯುತ್ತಾರೆಂದು ಹಿಂದಿನ ದಿನವೇ ವಿಚಾರಿಸಿ. ತಡವಾಗಿ ತೆರೆದರೆ ಚಳಿಗಾಲದಲ್ಲಿ ಮಾತ್ರ ಹೋಗಿ. ಸಿರುಗುಪ್ಪದಿಂದ ಬಳ್ಳಾರಿಗೆ 55 ಕಿ.ಮೀ. ಬಸ್ಸಿನಲ್ಲಿ ಬರುವವರು ತಲುಪುವಷ್ಟರಲ್ಲೇ ಬಿಸಿಲೇರಿರುತ್ತದೆ, ಹಿಂದಿನ ರಾತ್ರಿಯೇ ಬಂದಿರುವುದು ಲೇಸು. ಕುರುಗೋಡು, ತೆಕ್ಕಲಕೋಟೆಯ ಗುಡ್ಡಗಳಿಗೆ ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ. ಬೆಳಗ್ಗೆ ಹೊಟ್ಟೆಗೆ ಹಗುರವಾಗಿ ಏನಾದರೂ ಹಾಕಿಕೊಳ್ಳಿ. ಒಗ್ಗರಣಿ-ಮಿರ್ಚಿ ಇಳಿದ ಮೇಲೆ ತಿಂದರೆ ರುಚಿಯೂ ಹೆಚ್ಚು.

ಹೆಜ್ಜೇನು, ಹಾವು, ಸಿಡಿಲು

ಬಂಡೆಯ ಚಾಚುಗಳು, ಹಳೆಯ ಗೋಡೆಗಳು ಹೆಜ್ಜೇನಿಗೆ ಇಷ್ಟದ ಜಾಗ. ಹೊಗೆ, ಪಟಾಕಿ, ಕಲ್ಲೆಸೆತ, ಡ್ರೋನ್ ಯಾವುದೂ ಬೇಡ. ಎದ್ದವೆಂದರೆ ಮುಖ, ತಲೆ ಮುಚ್ಚಿಕೊಂಡು ದೂರ ಓಡಿ. ‘ಅಲುಗಾಡದೆ ಮಲಗಿ’ ಎಂಬ ಸಂದೇಶ ತಪ್ಪು. ಒಂದು ಜೇನು ಕಚ್ಚಿದ ಜಾಗದ ವಾಸನೆಗೆ ಇನ್ನಷ್ಟು ಬರುತ್ತವೆ. ಆದರೆ ಓಡುವಾಗ ಬಂಡೆಯ ಅಂಚಿನ ಕಡೆ ಹೋಗದಂತೆ ಎಚ್ಚರ. ಮುಳ್ಳನ್ನು ಉಗುರಿನಿಂದಲೋ ಬೆರಳಿನಿಂದಲೋ ಬೇಗ ತೆಗೆಯುವುದು ಮುಖ್ಯ, ಹೇಗೆ ತೆಗೆದಿರಿ ಎಂಬುದಲ್ಲ. ಉಸಿರು ಕಟ್ಟಿದರೆ, ತುಟಿ ಊದಿದರೆ, ಹತ್ತಾರು ಕಡೆ ಕಚ್ಚಿದ್ದರೆ ನೇರ ಆಸ್ಪತ್ರೆಗೆ.

ಹಾವು ಕಚ್ಚಿದಾಗ ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲ ಹಾನಿಕರ. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ಆದಷ್ಟೂ ನಡೆಸದೆ ಹೊತ್ತುಕೊಂಡು ಕೆಳಗಿಳಿಸಿ. ಹಾವನ್ನು ಹಿಡಿದು ತರಬೇಕಿಲ್ಲ. ನಗರದಲ್ಲಿ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ದೊಡ್ಡ ಸರ್ಕಾರಿ ಆಸ್ಪತ್ರೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ.

ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬುದು ಸುಳ್ಳು. ಬೋಳು ಗುಡ್ಡದ ತುದಿಯಲ್ಲಿ ನಿಂತ ನೀವೇ ಅಲ್ಲಿ ಎತ್ತರದ ವಸ್ತು, ಅಪಾಯ ಅದರಿಂದ. ಮುಂಗಾರಿಗೆ ಮುಂಚಿನ ಸಂಜೆ ಮಳೆಗಳಲ್ಲಿ ಗುಡುಗು ಕೇಳಿದರೆ ತಕ್ಷಣ ಇಳಿಯಿರಿ. ಒಂಟಿ ಮರ, ಮಂಟಪದ ಕಂಬದ ಪಕ್ಕ ನಿಲ್ಲಬೇಡಿ. ಮೊಬೈಲ್‌ನಲ್ಲಿ ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದ್ದರೆ ಸುತ್ತಮುತ್ತಲಿನ ಸಿಡಿಲಿನ ಮುನ್ಸೂಚನೆ ಸಿಗುತ್ತದೆ.

ಇಳಿಯುವಾಗ

ಹತ್ತಿದ್ದಾಯಿತು, ಇಳಿಯುವುದೇನು ಮಹಾ ಎನ್ನುತ್ತೇವೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆ ಕೆಲಸ ಸ್ನಾಯುವಿಗೆ ಹೆಚ್ಚು ಪೆಟ್ಟು ಕೊಡುತ್ತದೆ. ಎರಡು ದಿನ ಮೆಟ್ಟಿಲು ಇಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಇದರಿಂದಲೇ. ಸೋತ ಕಾಲು, ಸವೆದ ಚಪ್ಪಲಿ, ಇಳಿಜಾರು ಬಂಡೆ ಸೇರಿದರೆ ಜಾರುವುದು ಖಚಿತ. ರಬ್ಬರ್ ಅಟ್ಟೆಯ, ಹಿಮ್ಮಡಿ ಹಿಡಿಯುವ ಶೂ ಹಾಕಿಕೊಳ್ಳಿ. ಮಳೆಯಾದ ಮಾರನೆಯ ದಿನ ನೀರು ಹರಿದ ಕಪ್ಪು ಗೆರೆಗಳ ಮೇಲೆ ಕಾಲಿಡಬೇಡಿ, ಅಲ್ಲಿ ಪಾಚಿ ಇರುತ್ತದೆ. ಮೊಣಕಾಲು ತುಸು ಬಾಗಿಸಿ ಸಣ್ಣ ಹೆಜ್ಜೆ ಹಾಕಿ. ಭಯವಾದ ಕಡೆ ಕೂತು ಜಾರಿಕೊಂಡು ಇಳಿದರೆ ಯಾರೂ ನಗುವುದಿಲ್ಲ, ನಕ್ಕರೂ ಪ್ಯಾಂಟ್ ಮಾತ್ರ ಹಾಳು.

ಹೊರಡುವ ಮುನ್ನ ಮನೆಯಲ್ಲಿ ಒಬ್ಬರಿಗೆ ಯಾವ ಗುಡ್ಡ, ಎಷ್ಟು ಜನ, ಎಷ್ಟು ಗಂಟೆಗೆ ಕೆಳಗೆ ಎಂದು ಮೆಸೇಜ್ ಮಾಡಿ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೀರಿಯೂ ಕರೆ ಬಾರದಿದ್ದರೆ 112ಕ್ಕೆ ತಿಳಿಸಲು ಅವರಿಗೆ ಹೇಳಿರಿ.